ಆಯ್ಕೆಯಾಗದ ಮಕ್ಕಳಿಗೂ ಒಂದು ಪತ್ರ ಬರೆಯಿರಿ

ವಸತಿ ಶಾಲೆಗಳ ಮುಖ್ಯಸ್ಥರಿಗೆ ಮತ್ತು ಪ್ರವೇಶ ಸಮಿತಿಯವರಿಗೆ,

ನಮಸ್ಕಾರ.

ಮುಂಬಯಿಯ ಘಾಟ್ಕೋಪರ್‌ನಿಂದ ಬರೆಯುತ್ತಿದ್ದೇನೆ. ನನ್ನ ಮೊಮ್ಮಗನಿಗೆ ಈಗ ಹನ್ನೊಂದು ವರ್ಷ. ಈ ವರ್ಷ ಫೆಬ್ರವರಿಯಿಂದ ಜೂನ್‌ವರೆಗೆ ಅವನು ಶಾಲೆ ಬಿಟ್ಟ ಮೇಲೆ ನೇರ ಮನೆಗೆ ಬರುತ್ತಿರಲಿಲ್ಲ. ಮೊದಲು ಬಿಲ್ಡಿಂಗಿನ ಕೆಳಗೆ ಗೋಡೆಗೆ ಸಾಲಾಗಿ ಹೊಡೆದಿರುವ ಟಪಾಲು ಪೆಟ್ಟಿಗೆಗಳ ಹತ್ತಿರ ಹೋಗುತ್ತಿದ್ದ. ನಮ್ಮ ಪೆಟ್ಟಿಗೆಗೆ ಬೀಗ ಇದೆ, ಬೀಗದ ಕೈ ನನ್ನ ಹತ್ತಿರ. ಆದರೂ ಆ ಸೀಳಿನಲ್ಲಿ ಬೆರಳು ತೂರಿಸಿ, ಒಳಗೆ ಕಾಗದ ಇದೆಯಾ ಎಂದು ತಡವಿ ನೋಡಿ, ಆಮೇಲೆ ಮೆಟ್ಟಿಲು ಹತ್ತುತ್ತಿದ್ದ. ಕರೆಂಟ್ ಬಿಲ್ಲು ಬಂತು. ಸೊಸೈಟಿಯ ನೋಟಿಸು ಬಂತು. ಊರಿನಿಂದ ಮದುವೆ ಕಾಗದ ಬಂತು. ಅವನು ಕಾಯುತ್ತಿದ್ದ ಪತ್ರ ಮಾತ್ರ ಬರಲಿಲ್ಲ.

ಆ ಬರದ ಪತ್ರದ ಬಗ್ಗೆಯೇ ನಿಮಗೆ ಬರೆಯಬೇಕು ಅನಿಸಿತು. ನಮ್ಮ ಹುಡುಗನಿಗೆ ಸೀಟು ಕೊಡಿ ಎಂದು ಕೇಳಲು ಅಲ್ಲ. ಆ ಕಾಲ ಮುಗಿಯಿತು. ಅವನು ಇಲ್ಲೇ, ಹಳೆಯ ಶಾಲೆಯಲ್ಲೇ ಆರನೇ ಕ್ಲಾಸಿಗೆ ಹೋಗುತ್ತಿದ್ದಾನೆ.

ನಾನು 28 ವರ್ಷ ಮುಂಬಯಿ ಮಹಾನಗರ ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಮಾಡಿದವಳು. ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು ಎನ್ನುವುದು ಊರ ಕಡೆಯ ಎಷ್ಟೋ ಜನರಿಗೆ ಗೊತ್ತಿಲ್ಲ. ನನ್ನ ಕ್ಲಾಸಿನಲ್ಲಿ ಹೋಟೆಲ್ ಕೆಲಸದವರ ಮಕ್ಕಳು, ಕಟ್ಟಡ ಕೆಲಸಕ್ಕೆ ಕಲಬುರಗಿ, ವಿಜಯಪುರ ಕಡೆಯಿಂದ ಬಂದವರ ಮಕ್ಕಳು ಇರುತ್ತಿದ್ದರು. ಹತ್ತಡಿ ಖೋಲಿಯಲ್ಲಿ ಆರು ಜನ. ಓದಲು ಜಾಗವಿಲ್ಲ. ಅಪ್ಪನ ಕೆಲಸ ಒಂದು ಕಡೆ ನಿಲ್ಲುವುದಿಲ್ಲ. ಇಂಥ ಮನೆಗೆ ವಸತಿ ಶಾಲೆ ಶೋಕಿಯಲ್ಲ. ಮಗುವಿಗೆ ಒಂದು ಮಂಚ, ಒಂದು ಮೇಜು, ಮೂರು ಹೊತ್ತಿನ ಊಟ ಸಿಗುವ ಜಾಗ ಅದು. ಹಾಗಾಗಿ ಪ್ರತಿ ವರ್ಷ ನಾಲ್ಕೈದು ಮಕ್ಕಳನ್ನು ಸಂಜೆ ಕೂರಿಸಿಕೊಂಡು ಪ್ರವೇಶ ಪರೀಕ್ಷೆಗೆ ತಯಾರು ಮಾಡುತ್ತಿದ್ದೆ. ಫಾರ್ಮು ನಾನೇ ತುಂಬುತ್ತಿದ್ದೆ. ಹಾಗಾಗಿ ನಿಮ್ಮ ಉತ್ತರಗಳನ್ನು, ಉತ್ತರ ಇಲ್ಲದಿರುವುದನ್ನು, ಬಹಳ ವರ್ಷದಿಂದ ನೋಡಿದ್ದೇನೆ. ಈ ಸಲ ಅದು ನನ್ನ ಮನೆಯೊಳಗೇ ಬಂತು.

ನನ್ನ ಮಗಳು ಆಸ್ಪತ್ರೆಯಲ್ಲಿ ನರ್ಸು. ತಿಂಗಳಲ್ಲಿ ಅರ್ಧ ರಾತ್ರಿ ಪಾಳಿ. ಅಳಿಯ ಹಡಗಿನಲ್ಲಿ, ಒಮ್ಮೆ ಹೋದರೆ ಏಳೆಂಟು ತಿಂಗಳು. ನನಗೆ ಮಂಡಿ ನೋವು, ಹುಡುಗನ ಹಿಂದೆ ಓಡಲು ಆಗುವುದಿಲ್ಲ. ಎಲ್ಲರೂ ಕೂತು ಮಾತಾಡಿ, ಅವನನ್ನೂ ಕೇಳಿ, ಮೂರು ಶಾಲೆಗೆ ಅರ್ಜಿ ಹಾಕಿದೆವು. ಯಾವ ಶಾಲೆ ಎಂದು ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದವರು ಇದು ನಮ್ಮ ಮಾತಲ್ಲ ಎಂದು ಪತ್ರ ಮಡಚಿಡುತ್ತೀರಿ.

ಮೊದಲನೇ ಶಾಲೆಯ ಫಲಿತಾಂಶ ಫೆಬ್ರವರಿಯ ಒಂದು ರಾತ್ರಿ 11.40ಕ್ಕೆ ಮೊಬೈಲಿಗೆ ಬಂತು. ಒಂದು ಲಿಂಕು, ಅಷ್ಟೇ. ಎಲ್ಲರೂ ಒಟ್ಟಿಗೆ ಒತ್ತಿದ್ದರಿಂದ ಅದು ತೆರೆಯಲಿಲ್ಲ. ಹುಡುಗ ಮಲಗಲಿಲ್ಲ. ಬೆಳಗಿನ ಜಾವ ತೆರೆಯಿತು. ಪರೀಕ್ಷೆ ಬರೆದ ಎಲ್ಲ ಮಕ್ಕಳ ಹೆಸರು, ಅಪ್ಪನ ಹೆಸರು, ಸಿಕ್ಕಿದ ಅಂಕ, ಮೇಲಿನಿಂದ ಕೆಳಗೆ ಸಾಲಾಗಿ. ನಮ್ಮವನದ್ದು 214ನೇ ಸಾಲು. ಪಕ್ಕದ ವಿಂಗಿನ ಒಬ್ಬ ಹುಡುಗ ಆಯ್ಕೆಯಾಗಿದ್ದ, ಅವರ ಮನೆಯವರು ಖುಷಿಯಲ್ಲಿ ಆ ಪಟ್ಟಿಯನ್ನು ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಅವರ ತಪ್ಪು ಅಂತ ನಾನು ಹೇಳುವುದಿಲ್ಲ. ಸಂಜೆ ಆಟಕ್ಕೆ ಇಳಿದಾಗ ಮಕ್ಕಳು ನಮ್ಮವನನ್ನು ‘ದೋನ್‌ಶೇ ಚೌದಾ’ ಎಂದು ಕರೆದರು. ಇನ್ನೂರ ಹದಿನಾಲ್ಕು. ನಾಲ್ಕು ದಿನ ಅವನು ಕೆಳಗೆ ಇಳಿಯಲಿಲ್ಲ.

ಆ ಪಟ್ಟಿ ಯಾರಿಗೆ ಬೇಕಿತ್ತು? ಪ್ರತಿ ಮಗುವಿಗೂ ಒಂದು ನಂಬರು ಇರುತ್ತದೆ, ಹುಟ್ಟಿದ ತಾರೀಕು ಇರುತ್ತದೆ. ಅದನ್ನು ಹಾಕಿದರೆ ತನ್ನದು ಮಾತ್ರ ಕಾಣುವ ಹಾಗೆ ಮಾಡಬಹುದು. ಕೇಂದ್ರ ಸರ್ಕಾರದ ನವೋದಯ ವಸತಿ ಶಾಲೆಗಳ ಫಲಿತಾಂಶ ನೋಡುವುದು ಹಾಗೆಯೇ ಅಲ್ವಾ? ಸಣ್ಣ ಶಾಲೆಗೂ ಇದು ದೊಡ್ಡ ಖರ್ಚಲ್ಲ. 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಗೆ ಕಾಯ್ದೆ ಬಂದಿದೆ. 18 ವರ್ಷದೊಳಗಿನ ಮಕ್ಕಳ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು ಎನ್ನುತ್ತದೆ ಅದು. ಕಾಯ್ದೆ ಒಂದು ಕಡೆ ಇರಲಿ. ಹತ್ತು ವರ್ಷದ ಮಗುವಿನ ಅಂಕ ಅದರ ಮನೆಯವರಿಗೆ ಗೊತ್ತಾದರೆ ಸಾಕು, ಇಡೀ ಬೀದಿಗೆ ಗೊತ್ತಾಗಬೇಕಿಲ್ಲ.

ಎರಡನೇ ಶಾಲೆಯಲ್ಲಿ ಅವನಿಗೆ ಸೀಟು ಸಿಕ್ಕಿತು. ಮಾರ್ಚ್ ಕೊನೆಗೆ ಫೋನ್ ಬಂತು. ಮೂರು ದಿನದಲ್ಲಿ 80 ಸಾವಿರ ಕಟ್ಟಬೇಕು, ಕಟ್ಟಿದ್ದು ವಾಪಸ್ಸಿಲ್ಲ. ಅಳಿಯ ಸಮುದ್ರದಲ್ಲಿ, ಸಿಗ್ನಲ್ ಇಲ್ಲ. ಇನ್ನೊಂದು ವಿಷಯವೂ ಇತ್ತು. ಮೂರನೇ ಶಾಲೆ ದಕ್ಷಿಣ ಕನ್ನಡದಲ್ಲಿ, ನನ್ನ ತಂಗಿಯ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಭಾನುವಾರ ಯಾರಾದರೂ ಹೋಗಿ ಹುಡುಗನನ್ನು ನೋಡಿಕೊಂಡು ಬರಬಹುದು, ಜ್ವರ ಬಂದರೆ ಮನೆಗೆ ಕರೆದುಕೊಂಡು ಹೋಗಬಹುದು. ನಮ್ಮ ಮನಸ್ಸು ಅಲ್ಲಿತ್ತು. ಅಲ್ಲಿಂದ ಒಂದು ಮಾತು ಬರುವವರೆಗೆ ಹತ್ತು ದಿನ ಕೊಡಿ ಎಂದು ಮಗಳು ಎರಡನೇ ಶಾಲೆಯವರನ್ನು ಕೇಳಿಕೊಂಡಳು. ನಿಮ್ಮ ಹಿಂದೆ ಬಹಳ ಜನ ಇದ್ದಾರೆ ಮೇಡಂ ಎಂದರು. ನಾಲ್ಕನೇ ದಿನ ಸೀಟು ಬೇರೆಯವರಿಗೆ ಹೋಯಿತು.

ಮೂರನೇ ಶಾಲೆ ಏನೂ ಹೇಳಲಿಲ್ಲ.

ಏಪ್ರಿಲ್‌ನಿಂದ ನಾನು ಅವರಿಗೆ ಹನ್ನೊಂದು ಸಲ ಫೋನ್ ಮಾಡಿದೆ. ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಸಾರು ಮೀಟಿಂಗಿನಲ್ಲಿದ್ದಾರೆ. ಲಿಸ್ಟ್ ಇನ್ನೂ ಆಗಿಲ್ಲ. ಮುಂದಿನ ವಾರ ಮಾಡಿ. ಮುಂದಿನ ವಾರ ಮಾಡಿದೆ, ಅದರ ಮುಂದಿನ ವಾರವೂ ಮಾಡಿದೆ. ಜೂನ್ ಮೊದಲ ವಾರ ಫೋನ್ ಎತ್ತಿದವರು ಹೇಳಿದರು: “ಶಾಲೆ ಶುರು ಆಯ್ತಲ್ಲ ಅಮ್ಮಾ. ಆಯ್ಕೆ ಆದವರಿಗೆಲ್ಲ ಪತ್ರ ಹೋಗಿದೆ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ತಿರಸ್ಕಾರವೂ ಇರಲಿಲ್ಲ. ಇದು ಎಲ್ಲರಿಗೂ ಗೊತ್ತಿರುವ ನಿಯಮ, ಈ ಅಮ್ಮನಿಗೆ ಹೇಗೆ ಗೊತ್ತಾಗಲಿಲ್ಲ ಎನ್ನುವ ಆಶ್ಚರ್ಯ ಇತ್ತು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಆಯ್ಕೆ ಆದವರಿಗೆ ಪತ್ರ. ಉಳಿದವರು ಪತ್ರ ಬರಲಿಲ್ಲವಲ್ಲ ಎಂದು ತಾವೇ ತಿಳಿದುಕೊಳ್ಳಬೇಕು. ಎಷ್ಟು ದಿನ ಬರದಿದ್ದರೆ ಇಲ್ಲ ಎಂದು ಅರ್ಥ? ಅದನ್ನಾದರೂ ಎಲ್ಲಿಯಾದರೂ ಬರೆದಿದ್ದೀರಾ?

ದೊಡ್ಡವರಿಗೆ ಸುಮ್ಮನಿರುವುದರ ಅರ್ಥ ಗೊತ್ತಾಗುತ್ತದೆ. ಮಕ್ಕಳಿಗೆ ಗೊತ್ತಾಗುವುದಿಲ್ಲ. ಮಕ್ಕಳು ಆ ಖಾಲಿ ಜಾಗವನ್ನು ತಮ್ಮ ಕಲ್ಪನೆಯಿಂದ ತುಂಬುತ್ತಾರೆ. “ಅಜ್ಜಿ, ನನ್ನ ಪೇಪರ್ ಕಳೆದು ಹೋಗಿರಬಹುದಾ?” “ಅಜ್ಜಿ, ಪೋಸ್ಟ್‌ಮನ್ ಬೇರೆ ಬಿಲ್ಡಿಂಗಿಗೆ ಹಾಕಿರಬಹುದಾ?” ಒಂದು ದಿನ ಬಿ ವಿಂಗಿನ ಎಲ್ಲ ಪೆಟ್ಟಿಗೆಗಳನ್ನೂ ತಡವಿ ಬಂದಿದ್ದ, ವಾಚ್‌ಮನ್ ಬೈದು ಕಳಿಸಿದ. ಇನ್ನೊಂದು ದಿನ ರಾತ್ರಿ ಕೇಳಿದ: “ಇಂಟರ್‌ವ್ಯೂನಲ್ಲಿ ಅಪ್ಪ ಯಾಕೆ ಬಂದಿಲ್ಲ ಅಂತ ಕೇಳಿದ್ರು. ಹಡಗಿನಲ್ಲಿದ್ದಾರೆ ಅಂದೆ. ಅದಕ್ಕೇನಾ?” ಅದಕ್ಕಲ್ಲ ಮಗಾ ಎಂದೆ. ಆದರೆ ನನಗೆ ಏನು ಗೊತ್ತು? ನೀವು ಹೇಳಲಿಲ್ಲವಲ್ಲ. ಅವನು ಈಗಲೂ ಅಪ್ಪನ ಕೆಲಸದಿಂದಾಗಿ ತನಗೆ ಸೀಟು ಹೋಯಿತು ಎಂದು ಒಳಗೊಳಗೇ ನಂಬಿದ್ದಾನೆ ಎಂಬ ಅನುಮಾನ ನನಗಿದೆ.

ನನ್ನ ಶಾಲೆಯ ಒಂದು ಹಳೆಯ ಸಂಗತಿ ಹೇಳುತ್ತೇನೆ. 2004ರಲ್ಲಿ ವಿಜಯಪುರ ಕಡೆಯ ಒಬ್ಬ ಹುಡುಗ ನನ್ನ ಕ್ಲಾಸಿನಲ್ಲಿದ್ದ. ಲೆಕ್ಕದಲ್ಲಿ ಅಂಥವನನ್ನು ನಾನು ಮತ್ತೆ ನೋಡಿಲ್ಲ. ಒಂದು ವಸತಿ ಶಾಲೆಯ ಪರೀಕ್ಷೆ ಬರೆಸಿದೆ. ಆ ಬೇಸಿಗೆಯಲ್ಲಿ ಅವರ ಚಾಳು ರಿಡೆವಲಪ್‌ಮೆಂಟಿಗೆ ಹೋಯಿತು. ಎಲ್ಲರೂ ಚೆದುರಿದರು. ಅವರಪ್ಪ ಶಾಲೆಗೆ ಹೊಸ ವಿಳಾಸ ತಿಳಿಸಬೇಕು ಎಂದು ತಿಳಿಯದವರು. ಆಯ್ಕೆ ಪತ್ರ ಹಳೆಯ ವಿಳಾಸಕ್ಕೆ ಬಂತು. ಅಲ್ಲಿ ಗೋಡೆಯೇ ಇರಲಿಲ್ಲ. ಪೋಸ್ಟ್‌ಮನ್ ಪುಣ್ಯಾತ್ಮ, ಹುಡುಕಿಕೊಂಡು ನಮ್ಮ ಶಾಲೆಗೆ ತಂದು ಕೊಟ್ಟ. ಆಗ ಹಾಜರಾಗುವ ತಾರೀಕು ದಾಟಿ ಎಂಟು ದಿನ. ನಾನೂ ಅವರಪ್ಪನೂ ರಾತ್ರಿ ಬಸ್ಸು ಹತ್ತಿ ಹೋದೆವು. ಗುಮಾಸ್ತರು ರಿಜಿಸ್ಟರ್ ತೆರೆದು ತೋರಿಸಿದರು. ಹುಡುಗನ ಹೆಸರಿನ ಮೇಲೆ ಕೆಂಪು ಗೆರೆ. ವಾಪಸ್ ಬರುವಾಗ ಆ ಮನುಷ್ಯ ನನ್ನನ್ನು ಕೇಳಿದ್ದು ಒಂದೇ ಮಾತು: “ಬಾಯಾರ, ಈ ಕಾಗದದಾಗ ಏನ್ ಬರದಾರ?” ಪತ್ರ ಇಂಗ್ಲಿಷಿನಲ್ಲಿತ್ತು. ಅದು ಸಮಯಕ್ಕೆ ಬಂದಿದ್ದರೂ ಅವರಿಗೆ ಓದಲು ಬರುತ್ತಿರಲಿಲ್ಲ.

ಸೈನಿಕ ಶಾಲೆಯ ಆರನೇ ಕ್ಲಾಸಿನ ಪ್ರವೇಶ ಪರೀಕ್ಷೆಯನ್ನು ಈಗ ಕನ್ನಡ, ಮರಾಠಿ ಸೇರಿ 13 ಭಾಷೆಗಳಲ್ಲಿ ಬರೆಯಬಹುದು. ನವೋದಯದ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಬಹಳ ಒಳ್ಳೆಯ ವ್ಯವಸ್ಥೆ. ಮಗು ಪರೀಕ್ಷೆ ಬರೆದ ಭಾಷೆಯಲ್ಲೇ ಅದರ ಫಲಿತಾಂಶದ ನಾಲ್ಕು ಸಾಲನ್ನೂ ಬರೆಯುವುದು ಎಲ್ಲ ವಸತಿ ಶಾಲೆಗಳಲ್ಲೂ ರೂಢಿಯಾಗಬೇಕು. ಅರ್ಜಿಯಲ್ಲಿ ಮಾಧ್ಯಮ ಯಾವುದು ಎಂದು ನೀವೇ ಕೇಳಿರುತ್ತೀರಿ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲ ಎಂದಲ್ಲ. ಒಂದು ನವೋದಯದಲ್ಲಿ ಆರನೇ ಕ್ಲಾಸಿಗೆ ಹೆಚ್ಚೆಂದರೆ 80 ಸೀಟು. ಅದರಲ್ಲಿ ಕಡೇಪಕ್ಷ ಮುಕ್ಕಾಲು ಪಾಲು ಹಳ್ಳಿಯ ಮಕ್ಕಳಿಗೆ. ಅದು ಹಾಗೇ ಇರಬೇಕು, ಆ ಶಾಲೆಗಳು ಹುಟ್ಟಿದ್ದೇ ಅವರಿಗಾಗಿ. 1986ರ ಶಿಕ್ಷಣ ನೀತಿಯ ಕೂಸು ಅದು, ಮೊದಲ ಎರಡು ಶಾಲೆಗಳಲ್ಲಿ ಒಂದು ನಮ್ಮ ಮಹಾರಾಷ್ಟ್ರದ ಅಮರಾವತಿಯದ್ದು. 80 ಸೀಟಿಗೆ ಸಾವಿರಾರು ಮಕ್ಕಳು ಬರೆದರೆ ಹೆಚ್ಚಿನವರಿಗೆ ಇಲ್ಲ ಎನ್ನಲೇಬೇಕು. ಆದರೆ ಆ ಪರೀಕ್ಷೆಯ ಹಿಂದೆ ಏನೇನು ಇರುತ್ತದೆ ಗೊತ್ತಾ? ಹಳ್ಳಿಯ ಕೋಟಾಕ್ಕೆ ಮಗು ಮೂರು, ನಾಲ್ಕು, ಐದನೇ ಕ್ಲಾಸು ಹಳ್ಳಿ ಶಾಲೆಯಲ್ಲೇ ಓದಿರಬೇಕು. ಹಾಗಾಗಿ ನನ್ನ ಕೆಲವು ಮಕ್ಕಳನ್ನು ಅವರ ಅಪ್ಪ ಅಮ್ಮ ಎಂಟನೇ ವರ್ಷಕ್ಕೇ ಊರಿಗೆ, ಅಜ್ಜನ ಮನೆಗೆ ಕಳಿಸಿದರು. ಮೂರು ವರ್ಷ ಮಗು ತಾಯಿಯನ್ನು ಬಿಟ್ಟು ಇರುತ್ತದೆ, ಎರಡು ಗಂಟೆಯ ಒಂದು ಪರೀಕ್ಷೆಗಾಗಿ. ಆ ಪರೀಕ್ಷೆಯನ್ನು ಒಂದೇ ಸಲ ಬರೆಯಬಹುದು, ಮತ್ತೆ ಅವಕಾಶ ಇಲ್ಲ. ಇಂಥ ಮಗುವಿಗೆ ಒಂದು ಉತ್ತರ ಕೈಗೆ ಸಿಗಬೇಕೋ ಬೇಡವೋ, ನೀವೇ ಹೇಳಿ.

‘ಇಲ್ಲ’ ಎಂದು ಬರೆದರೆ ಮಗುವಿಗೆ ನೋವಾಗುತ್ತದೆ, ಅದಕ್ಕೇ ಬರೆಯುವುದಿಲ್ಲ ಎಂದು ಒಬ್ಬ ಮುಖ್ಯೋಪಾಧ್ಯಾಯರು ನನ್ನ ಹತ್ತಿರ ಹೇಳಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನಾನು ಕಂಡದ್ದು ಬೇರೆ. 2009ರಲ್ಲಿ ನನ್ನ ಒಬ್ಬ ವಿದ್ಯಾರ್ಥಿನಿಗೆ ಒಂದು ಶಾಲೆಯಿಂದ ಕೈಬರಹದ ಪತ್ರ ಬಂತು. ಅವಳ ಹೆಸರಿಗೇ. ಈ ಸಲ ನಿನಗೆ ಜಾಗ ಕೊಡಲು ಆಗಲಿಲ್ಲ ಎಂದು ಮೊದಲ ಸಾಲಿನಲ್ಲೇ ಇತ್ತು. ಎಷ್ಟು ಮಕ್ಕಳು ಬರೆದಿದ್ದರು, ಎಷ್ಟು ಸೀಟು ಇತ್ತು ಎಂದು ಹೇಳಿದ್ದರು. ನಿನ್ನ ಕನ್ನಡ ಪ್ರಬಂಧವನ್ನು ನಾವು ಸ್ಟಾಫ್ ರೂಮಿನಲ್ಲಿ ಓದಿದೆವು, ಭಿನ್ನರಾಶಿ ಇನ್ನಷ್ಟು ಕಲಿ, ಎಂಟನೇ ಕ್ಲಾಸಿಗೆ ಸೀಟು ಖಾಲಿಯಾದರೆ ಮತ್ತೆ ಬರೆ ಎಂದು ಬರೆದಿದ್ದರು. ಅತ್ತಳು. ಅವತ್ತು ಸಂಜೆ ಊಟ ಮಾಡಲಿಲ್ಲವಂತೆ. ಮಾರನೇ ದಿನ ಭಿನ್ನರಾಶಿಯ ಪುಸ್ತಕ ಹಿಡಿದು ನನ್ನ ಮನೆ ಬಾಗಿಲಿಗೆ ಬಂದಳು. ಈಗ ವಾಶಿಯಲ್ಲಿ ಬ್ಯಾಂಕಿನಲ್ಲಿದ್ದಾಳೆ. ಆ ವಸತಿ ಶಾಲೆಗೆ ಅವಳು ಕೊನೆಗೂ ಹೋಗಲಿಲ್ಲ, ಆದರೆ ಆ ಪತ್ರ ಇಂದಿಗೂ ಅವಳ ಸರ್ಟಿಫಿಕೇಟುಗಳ ಫೈಲಿನಲ್ಲಿದೆ. ನನಗೆ ತೋರಿಸಿದ್ದಾಳೆ.

ಎಲ್ಲರಿಗೂ ಕೈಯಲ್ಲಿ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಸಾವಿರ ಮಕ್ಕಳಿಗೆ ಅದು ಆಗದು. ಒಂದೇ ಒಕ್ಕಣೆಯ ಅಚ್ಚು ಹಾಕಿದ ಕಾಗದವಾದರೂ ಸರಿ. ಮೊಬೈಲಿಗೆ ಎರಡು ಸಾಲಾದರೂ ಸರಿ. ಅರ್ಜಿ ಶುಲ್ಕ ಎಂದು ಸಾವಿರ, ಎರಡು ಸಾವಿರ ತೆಗೆದುಕೊಳ್ಳುವ ಖಾಸಗಿ ಶಾಲೆಗಳಿವೆ. ಅದರಲ್ಲಿ ಒಂದು ಅಂಚೆಯ ಖರ್ಚು ಇಲ್ಲವೇ?

ನನ್ನ ತಮ್ಮನ ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ಮಗಳು ಹಿಂದಿನ ವರ್ಷ ಅಲ್ಲಿಯ ನಾಲ್ಕು ಬೋರ್ಡಿಂಗ್ ಶಾಲೆಗಳಿಗೆ ಒಂಬತ್ತನೇ ಕ್ಲಾಸಿಗೆ ಅರ್ಜಿ ಹಾಕಿದ್ದಳು. ಅಲ್ಲಿ ಬಹಳಷ್ಟು ಬೋರ್ಡಿಂಗ್ ಶಾಲೆಗಳು ಮಾರ್ಚ್ 10ರಂದು ತಮ್ಮ ನಿರ್ಧಾರ ತಿಳಿಸುತ್ತವೆ. ತಾರೀಕು ಎಲ್ಲರಿಗೂ ಮೊದಲೇ ಗೊತ್ತು. ಸೀಟು ಉಂಟು, ಇಲ್ಲ, ವೇಟಿಂಗ್ ಲಿಸ್ಟ್, ಈ ಮೂರರಲ್ಲಿ ಒಂದು ಉತ್ತರ ಪ್ರತಿ ಮಗುವಿಗೂ ಬರುತ್ತದೆ. ಫೀಸಿನಲ್ಲಿ ಸಹಾಯ ಕೇಳಿದ್ದರೆ ಅದರ ವಿವರವೂ ಸಾಮಾನ್ಯವಾಗಿ ಜೊತೆಗೇ ಬರುತ್ತದೆ. ಆಮೇಲೆ ಏಪ್ರಿಲ್ 10ರವರೆಗೆ ಒಂದು ತಿಂಗಳು. ಆ ತಿಂಗಳಲ್ಲಿ ಸೀಟು ಸಿಕ್ಕ ಮಕ್ಕಳನ್ನು ಶಾಲೆಗಳು ಮತ್ತೆ ಕರೆಯುತ್ತವೆ. ಬಾ, ಒಂದು ದಿನ ಇದ್ದು ನೋಡು, ಕ್ಲಾಸಿನಲ್ಲಿ ಕೂತು ನೋಡು ಎನ್ನುತ್ತವೆ. ಆಮೇಲೆ ಮನೆಯವರು ಹೂಂ ಅಥವಾ ಊಹೂಂ ಎನ್ನಬೇಕು. ನಮ್ಮ ಹುಡುಗಿಗೆ ಎರಡು ಕಡೆ ಇಲ್ಲ, ಒಂದು ಕಡೆ ವೇಟಿಂಗ್, ಒಂದು ಕಡೆ ಸೀಟು. ಒಂದೇ ಸಂಜೆಯಲ್ಲಿ ಎಲ್ಲ ಮುಗಿಯಿತು. ಅತ್ತದ್ದೂ ನಕ್ಕದ್ದೂ ಅವತ್ತೇ.

ಆ ಶಾಲೆಗಳ ಫೀಸು ಕೇಳಿದರೆ ನಮ್ಮಂಥವರಿಗೆ ತಲೆ ತಿರುಗುತ್ತದೆ. ಅಲ್ಲಿಯದ್ದೆಲ್ಲ ಇಲ್ಲಿಗೆ ಬರಲಿ ಎಂದು ನಾನು ಹೇಳುವುದಿಲ್ಲ. ಒಂದು ತಾರೀಕು, ಎಲ್ಲರಿಗೂ ಉತ್ತರ, ಯೋಚನೆ ಮಾಡಲು ಸಮಯ. ಇಷ್ಟಕ್ಕೆ ಡಾಲರು ಬೇಕಾಗಿಲ್ಲ ಅಲ್ವಾ? ಪಂಚಗಣಿಯ ಬೆಟ್ಟದ ಶಾಲೆಗಳಿರಲಿ, ಪುಣೆ ಸುತ್ತಿನ ಶಾಲೆಗಳಿರಲಿ, ಮಂಗಳೂರು, ಮೈಸೂರು ಕಡೆಯವಿರಲಿ, ನೀವು ನೀವೇ ಕೂತು ಮಾತಾಡಿ ಒಂದು ದಿನ ಗೊತ್ತು ಮಾಡಬಹುದು. ಎಲ್ಲರದ್ದೂ ಒಂದೇ ದಿನ ಆಗದಿದ್ದರೆ ಬೇಡ, ನಿಮ್ಮ ನಿಮ್ಮ ದಿನವನ್ನು ಅರ್ಜಿ ಫಾರ್ಮಿನ ಮೇಲೆ ಅಚ್ಚು ಹಾಕಿ. ಹಾಗೆ ಮಾಡಿದ್ದರೆ ನಮ್ಮ ಎರಡನೇ ಶಾಲೆಯ ಸೀಟು ನಮಗೆ ಉಳಿಯುತ್ತಿತ್ತು. ಮೂರನೆಯವರು ಇಲ್ಲ ಎಂದಿದ್ದರೆ ಸಾಕಿತ್ತು, ಮಗಳು ಚಿನ್ನ ಅಡವಿಟ್ಟಾದರೂ ಅವತ್ತೇ ಹಣ ಕಟ್ಟುತ್ತಿದ್ದಳು.

ಮುಂಬಯಿಯಲ್ಲಿ ಕೂತ ಕನ್ನಡದ ಮನೆಗೆ ಈ ತಾರೀಕು ಯಾಕೆ ಇಷ್ಟು ಮುಖ್ಯ ಎಂದೂ ಹೇಳಬೇಕು. ಇಲ್ಲಿ ಸ್ಟೇಟ್ ಬೋರ್ಡಿನ ಶಾಲೆ ಶುರುವಾಗುವುದು ಜೂನ್ ಮಧ್ಯದಲ್ಲಿ. ಕರ್ನಾಟಕದಲ್ಲಿ ಅದಕ್ಕಿಂತ ಮುಂಚೆ. ಸಿಬಿಎಸ್ಇ ಆದರೆ ಎಷ್ಟೋ ಕಡೆ ಏಪ್ರಿಲ್‌ನಲ್ಲೇ. ಇಲ್ಲಿಯ ಶಾಲೆಯವರು ಮುಂದಿನ ವರ್ಷದ ಫೀಸು ಮಾರ್ಚ್‌ನಲ್ಲೇ ಕೇಳುತ್ತಾರೆ. ಕಟ್ಟಿದರೆ ಹೋಯಿತು, ಕಟ್ಟದಿದ್ದರೆ ಇದ್ದ ಸೀಟೂ ಹೋಗುವ ಭಯ. ನೀವು ಟಿ.ಸಿ. ಎನ್ನುವುದನ್ನು ಇಲ್ಲಿ ಎಲ್‌ಸಿ ಎನ್ನುತ್ತಾರೆ. ರಾಜ್ಯ ಬಿಟ್ಟು ಹೋಗುವುದಾದರೆ ಅದಕ್ಕೆ ಶಿಕ್ಷಣಾಧಿಕಾರಿಯ ಸಹಿಯೂ ಬೇಕಾಗುತ್ತದೆ. ಆ ಕಚೇರಿಗೆ ಎರಡು ಸಲ ಅಲೆಯುವುದು ಎಂದರೆ ಮಗಳಿಗೆ ಎರಡು ದಿನದ ರಜೆ. ಮತ್ತೆ ರೈಲು. ಮೊದಲು 120 ದಿನ ಮುಂಚೆ ಟಿಕೆಟ್ ತೆಗೆಯಬಹುದಿತ್ತು, 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ. ಮಂಗಳೂರಿಗೆ ಹೋಗುವ ಮತ್ಸ್ಯಗಂಧ ರೈಲಿನ ಮೇ ತಿಂಗಳ ಟಿಕೆಟು ಬುಕಿಂಗ್ ತೆರೆದ ಬೆಳಿಗ್ಗೆಯೇ ಖಾಲಿ. ನಾಡಿದ್ದು ಹಾಜರಾಗಿ ಎಂದು ಫೋನ್ ಮಾಡುವವರಿಗೆ ಇದು ಗೊತ್ತಿರಲಿ. ಟ್ರಂಕು, ಹಾಸಿಗೆ ಸುರುಳಿ, ಬಕೆಟ್ಟು, ಎಲ್ಲ ಹೊತ್ತು ಕುರ್ಲಾ ಟರ್ಮಿನಸ್ಸಿನಲ್ಲಿ ಜನರಲ್ ಬೋಗಿಗೆ ನುಗ್ಗುವ ಮಗುವಿನ ಮೊದಲ ಪ್ರಯಾಣ ಹಾಗಿರಬಾರದು.

ವೇಟಿಂಗ್ ಲಿಸ್ಟಿನ ಬಗ್ಗೆಯೂ ಒಂದು ಮಾತು. ನಂಬರು ಹೇಳಿ. ಹಿಂದಿನ ವರ್ಷ ಎಷ್ಟನೇ ನಂಬರಿನವರೆಗೆ ಕರೆದಿರಿ ಎಂದೂ ಹೇಳಿ. ಯಾವತ್ತಿಗೆ ಆ ಪಟ್ಟಿ ಮುಚ್ಚುತ್ತೀರಿ ಎನ್ನುವುದು ಎಲ್ಲಕ್ಕಿಂತ ಜಾಸ್ತಿ ಮುಖ್ಯ. ಬಾಗಿಲು ಮುಚ್ಚಿದ್ದು ಗೊತ್ತಾದರೆ ಮಗು ಬೇರೆ ಕಡೆ ತಿರುಗುತ್ತದೆ.

ನನ್ನ ಹಾಗಿರುವ ಪಾಲಕರಿಗೆ, ಅಜ್ಜ ಅಜ್ಜಿಯರಿಗೆ ಹೇಳುವುದು ಸ್ವಲ್ಪವೇ ಇದೆ. ಫಲಿತಾಂಶವನ್ನು ಗ್ರೂಪಿಗೆ ಹಾಕಬೇಡಿ, ನಿಮ್ಮ ಮಗು ಗೆದ್ದಿದ್ದರೂ ಹಾಕಬೇಡಿ. ಉತ್ತರ ಬಂದಿದ್ದರೆ ಮಗುವಿನಿಂದ ಮುಚ್ಚಿಡಬೇಡಿ. ನಾನು ಮೂರು ವಾರ ಮುಚ್ಚಿಟ್ಟೆ. ಜೂನ್ ಮೊದಲ ವಾರದ ಆ ಫೋನಿನ ಮಾತನ್ನು ತಿಂಗಳ ಕೊನೆಯವರೆಗೆ ಅವನಿಗೆ ಹೇಳಲಿಲ್ಲ. ಅಷ್ಟೂ ದಿನ ಅವನು ಮಳೆಯಲ್ಲಿ ನೆನೆದುಕೊಂಡೇ ಪೆಟ್ಟಿಗೆ ತಡವಿದ. ಆ ತಪ್ಪು ನನ್ನದು.

ಹೇಳಿದ ದಿನ ಅವನು ಅಳಲಿಲ್ಲ. ಯಾರು ಹೇಳಿದರು, ಹೆಡ್‌ಮಾಸ್ಟರೇ ಹೇಳಿದರಾ ಎಂದು ಕೇಳಿದ. ಇಲ್ಲ, ಆಫೀಸಿನವರು ಎಂದೆ. ಹಾಗಾದರೆ ಹೆಡ್‌ಮಾಸ್ಟರಿಗೆ ಗೊತ್ತಿರಲಿಕ್ಕಿಲ್ಲ ಎಂದ.

ಈ ಪತ್ರ ಆ ಮೂರನೇ ಶಾಲೆಯವರ ಕಣ್ಣಿಗೂ ಬೀಳಬಹುದು. ಓದಿದರೆ ನೀವೇ ಎಂದು ನಿಮಗೆ ಗೊತ್ತಾಗುತ್ತದೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆಯ ಶಾಲೆ ಎಂದೇ ಅರ್ಜಿ ಹಾಕಿದ್ದು. ಈ ವರ್ಷ ಬರೆದ ಮಕ್ಕಳ ಅರ್ಜಿಗಳು ಇನ್ನೂ ನಿಮ್ಮ ಆಫೀಸಿನ ಕಪಾಟಿನಲ್ಲಿ ಇರುತ್ತವೆ. ತಡವಾಗಿದ್ದರೂ ಪರವಾಗಿಲ್ಲ, ಉತ್ತರ ಸಿಗದ ಎಲ್ಲ ಮಕ್ಕಳಿಗೂ ಎರಡು ಸಾಲು ಬರೆಯಿರಿ. ಅಪ್ಪ ಹಡಗಿನಲ್ಲಿರುವ ಹುಡುಗನಿಗೆ ಬರೆಯುವಾಗ ಅದು ಕಾರಣವಲ್ಲ ಎಂದು ಒಂದು ಸಾಲು ಸೇರಿಸಿ. ನಮ್ಮ ವಿಳಾಸ ಬದಲಾಗಿಲ್ಲ. ಲಕೋಟೆಯ ಮೇಲೆ ಅವನ ಹೆಸರನ್ನೇ ಹಾಕಿ. ಟಪಾಲು ಪೆಟ್ಟಿಗೆಯ ಬೀಗದ ಕೈ ಈಗ ಅವನ ಹತ್ತಿರವೇ ಇರುತ್ತದೆ.

ವಂದನೆಗಳೊಂದಿಗೆ,
ಒಬ್ಬ ನಿವೃತ್ತ ಕನ್ನಡ ಶಾಲೆ ಟೀಚರ್
ಘಾಟ್ಕೋಪರ್, ಮುಂಬಯಿ